ಪರೀಕ್ಷೆಗೆ ಕಳಿಸಿದ ಕಲ್ಲು

ಗಿಡ್ಡೇನಪಾಳ್ಯ, ದೊಡ್ಡಬೆಳವಂಗಲ ಅಂಚೆ
14 ಜೂನ್ 1971

ಶ್ರೀ ನರಸಿಂಹಯ್ಯನವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ಈ ಊರಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯ. ಚಂದ್ರನಿಂದ ತಂದ ಕಲ್ಲುಮಣ್ಣನ್ನು ಬೊಂಬಾಯಿಯಲ್ಲಿ ಪರೀಕ್ಷಿಸುತ್ತಿರುವ ಬಗ್ಗೆ ನೀವು ಪತ್ರಿಕೆಯಲ್ಲಿ ಬರೆದಿದ್ದ ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ನೀವು ಹೊಸಕೋಟೆಯವರೆಂದು ಅದರ ಕೊನೆಯಲ್ಲಿತ್ತು. ಆದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಜೂನ್ 6, ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ ಇಲ್ಲಿನ ಒಂದು ಹೊಲಕ್ಕೆ ಆಕಾಶದಿಂದ ಕಲ್ಲು ಬಿದ್ದಿತು. ಮೊದಲು ಬಂಡೆ ಸಿಡಿಸಿದಂಥ ಸದ್ದು ಮೂರು ಸಲ, ಆಮೇಲೆ ಬಟ್ಟೆ ಹರಿದಂಥ ಸದ್ದು. ಆ ಹೊಲದಲ್ಲಿ ಆಗ ಒಂದು ಮನೆಯವರ ಹನ್ನೊಂದನೇ ದಿನದ ತಿಥಿ ನಡೆಯುತ್ತಿತ್ತು. ಸಮಾಧಿಯ ಮೇಲೆ ಎಡೆ ಇಟ್ಟು, ಕಾಗೆ ಬಂದು ಮುಟ್ಟಲೆಂದು ನಲವತ್ತು ಜನ ದೂರದಲ್ಲಿ ಕಾದು ನಿಂತಿದ್ದರು. ಸದ್ದಿಗೆ ಕಾಗೆಗಳು ಹಾರಿಹೋದವು, ಜನ ಓಡಿದರು. ತೀರಿಕೊಂಡ ಹುಡುಗನ ತಾಯಿ ಓಡಲಿಲ್ಲ. ಸಮಾಧಿಯಿಂದ ಮೂವತ್ತೆರಡು ಹೆಜ್ಜೆ ದೂರದಲ್ಲಿ, ಉತ್ತ ಮಣ್ಣಿನಲ್ಲಿ, ಗೇಣುದ್ದದ ಗುಳಿಯಾಗಿತ್ತು. ಆಕೆ ಕೈಹಾಕಿ ಕಲ್ಲನ್ನು ಎತ್ತಿಕೊಂಡಳು. ಸುಡುತ್ತಿರಲಿಲ್ಲ, ಬೆಚ್ಚಗಿತ್ತು ಎನ್ನುತ್ತಾಳೆ.

ಸೊಸೈಟಿಯ ತಕ್ಕಡಿಯಲ್ಲಿ ತೂಗಿಸಿದೆ: ಎರಡು ಕಿಲೋ ಮುನ್ನೂರ ನಲವತ್ತು ಗ್ರಾಂ. ಹೊರಮೈ ಕಪ್ಪು, ಸುಟ್ಟ ರೊಟ್ಟಿಯಂತೆ. ಒಂದು ಮೂಲೆ ಮುಕ್ಕಾಗಿದ್ದು ಒಳಗೆ ಬೂದಿಬಣ್ಣ ಕಾಣುತ್ತದೆ. ಪಕ್ಕದ ಹೊಲದ ಬೈರಪ್ಪ, “ಅಮೆರಿಕಾದವ್ರು ಅಷ್ಟ್ ದುಡ್ ಸುರ್ದು ತರೋದು ನಮ್ಮೂರಿಗೆ ಪುಗಸಟ್ಟೆ ಬಿದ್ದೈತಲ್ಲ ಮೇಷ್ಟ್ರೇ, ಬಿಲ್ಲು ಕಳ್ಸಾರು, ಉಸಾರು” ಎಂದು ನಗಾಡುತ್ತಾನೆ.

ಇದು ಚಂದ್ರನ ಕಲ್ಲೇ? ಕಲ್ಲು ಈಗ ಆ ಹೆಂಗಸಿನ ಮನೆಯಲ್ಲಿ, ಗೋಡೆಯ ಗೂಡಿನಲ್ಲಿದೆ. ಏನು ಮಾಡಬೇಕೆಂದು ತಿಳಿಸಿ.

ಇತಿ,
ಹನುಮಂತರಾಯಪ್ಪ


ಬೊಂಬಾಯಿ
24 ಜೂನ್ 1971

ಹನುಮಂತರಾಯಪ್ಪ ಮೇಷ್ಟರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಾನು ಇಡೀ ದಿನ ಕುಳಿತಲ್ಲಿ ಕೂರಲಿಲ್ಲ. ಇಷ್ಟು ಕರಾರುವಾಕ್ಕಾದ ವರದಿ ದೊಡ್ಡ ದೊಡ್ಡ ಕಡೆಯಿಂದಲೂ ನಮಗೆ ಬರುವುದಿಲ್ಲ. ಅದು ಚಂದ್ರನದಲ್ಲ, ಉಲ್ಕಾಶಿಲೆ. ಚಂದ್ರನಿಂದ ತಂದ ಎಷ್ಟೋ ಕಲ್ಲುಗಳಿಗಿಂತ ಹಳೆಯದು.

ಆದರೆ ಒಂದೊಂದು ದಿನವೂ ಮುಖ್ಯ. ಆಕಾಶದಲ್ಲಿ ಅಲೆಯುವಾಗ ವಿಶ್ವಕಿರಣಗಳು ತಾಕಿ ಕಲ್ಲಿನೊಳಗೆ ಕೆಲವು ವಿಕಿರಣ ಧಾತುಗಳು ಹುಟ್ಟಿರುತ್ತವೆ. ನೆಲಕ್ಕೆ ಬಿದ್ದ ಗಳಿಗೆಯಿಂದ ಅವು ಕರಗುತ್ತ ಹೋಗುತ್ತವೆ. ಕೆಲವು ಆರು ದಿನಕ್ಕೆ ಅರ್ಧವಾಗುತ್ತವೆ, ಕೆಲವು ಹದಿನಾರು ದಿನಕ್ಕೆ, ಕೆಲವು ಒಂದು ತಿಂಗಳಿಗೆ. ಅವು ತೀರಿಹೋಗುವ ಮುಂಚೆ ಕಲ್ಲು ನಮ್ಮ ಕೈಗೆ ಬಂದರೆ, ಅದು ಎಲ್ಲೆಲ್ಲಿ ತಿರುಗಿ ಬಂತು ಎಂಬುದನ್ನು ಓದಬಹುದು.

ದಯವಿಟ್ಟು ಅದನ್ನು ತೊಳೆಯಲು, ಎಣ್ಣೆ ಸವರಲು ಬಿಡಬೇಡಿ. ಹತ್ತಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ರೈಲ್ವೆ ಪಾರ್ಸಲ್ಲಿನಲ್ಲಿ ಕಳಿಸಿ. ಪರೀಕ್ಷೆ ಮುಗಿದ ಮೇಲೆ ವಾಪಸು ಕಳಿಸುತ್ತೇವೆ.

ನಿಮ್ಮ
ನರಸಿಂಹಯ್ಯ


ಗಿಡ್ಡೇನಪಾಳ್ಯ
4 ಜುಲೈ 1971

ಶ್ರೀ ನರಸಿಂಹಯ್ಯನವರಿಗೆ,

ನಿಮ್ಮ ಸೂಚನೆ ಬರುವಷ್ಟರಲ್ಲಿ ತಡವಾಗಿತ್ತು. ಆ ಹೆಂಗಸು, ಹೆಸರು ಕದಿರಮ್ಮ, ದಿನಾ ಬೆಳಿಗ್ಗೆ ಕಲ್ಲಿಗೆ ಹಾಲೆರೆದು, ಅರಿಶಿನ ಹಚ್ಚಿ, ಒರೆಸಿ ಇಡುತ್ತಾಳೆ. ಪಾಪಕ್ಕ ಎಂಬ ಮುದುಕಿ ಕುಂಕುಮವಿಡಲು ಬಂದಿದ್ದಳು. “ದೇವ್ರಲ್ಲ ಕಣಕ್ಕ ಇದು, ಕುಂಕುಮ ಬ್ಯಾಡ” ಎಂದು ಕದಿರಮ್ಮ ತಡೆದಳು. ಎಳೆಗೂಸಿಗೆ ಮೈ ತೊಳೆಸಿದಂತೆ ತೊಳೆಯುತ್ತಾಳೆ, ಪೂಜೆ ಮಾಡುವುದಿಲ್ಲ.

ನಿಮ್ಮ ಕಾಗದ ಓದಿ ಹೇಳಿದೆ. “ಕೊಡಲ್ಲ” ಎಂದಳು. “ನೀವು ಓದ್ದೋರು, ಪರೀಕ್ಸೆ ಅಂತೀರ. ಪರೀಕ್ಸೆಗೆ ಓಗಿದ್ದು ವಾಪಸ್ ಬಂದಿದ್ದು ನಾನ್ ಕಂಡಿಲ್ಲ.”

ಅದೇ ದಿನ ಶಾಲೆಯ ಜಗಲಿಯಲ್ಲಿ ಊರವರಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಇಪ್ಪತ್ತಮೂರು ದಿನ ಆಕಾಶದಲ್ಲಿದ್ದ ರಷ್ಯದ ಮೂವರು ಯಾತ್ರಿಗಳು ಹಿಂದಿರುಗಿದ್ದಾರೆ. ವಾಹನ ಸರಿಯಾಗಿ ಇಳಿದಿದೆ. ಬಾಗಿಲು ತೆರೆದರೆ ಮೂವರೂ ಆಸನದಲ್ಲೇ ಸತ್ತಿದ್ದಾರೆ, ಮೈಮೇಲೆ ಗಾಯವಿಲ್ಲ. ಕೇಳುತ್ತಿದ್ದವರು ಒಬ್ಬೊಬ್ಬರು ಒಂದೊಂದು ಮಾತಾಡಿದರು. ಅಲ್ಲೇ ನಿಂತಿದ್ದ ಕದಿರಮ್ಮ ಕೇಳಿದ್ದು ಒಂದೇ: “ಅವ್ರನ್ನ ಮನೆ ಒಳೀಕ್ ತಕೊಂಡೋದ್ರಾ?” ಪತ್ರಿಕೆಯಲ್ಲಿ ಅದು ಇರಲಿಲ್ಲ.

ಕಲ್ಲು ಹಿಂದಿರುಗುವುದೆಂದು ನಿಮ್ಮ ಸಂಸ್ಥೆಯ ಕಾಗದದ ಮೇಲೆ ಬರೆದುಕೊಟ್ಟರೆ ಮತ್ತೊಮ್ಮೆ ಕೇಳಿನೋಡುತ್ತೇನೆ. ಹುಡುಗನ ವರ್ಷದ ತಿಥಿಯೊಳಗೆ ಬರಬೇಕು. ಮುಂದಿನ ವರ್ಷ ಅಧಿಕ ಮಾಸವಿರುವುದರಿಂದ ಅದು ಜೂನ್ ನಡುವಿಗೆ ಬೀಳುತ್ತದೆ.

ಹನುಮಂತರಾಯಪ್ಪ


ಬೊಂಬಾಯಿ
13 ಜುಲೈ 1971

ಪ್ರಿಯ ಮೇಷ್ಟರೇ,

ನೀವು ಕೇಳಿದ ಪತ್ರ ಇದರ ಜೊತೆಗಿದೆ. ಸಂಸ್ಥೆಯ ಕಾಗದ, ಮೊಹರು, ನನ್ನ ಸಹಿ. 1972ರ ಮೇ ತಿಂಗಳೊಳಗೆ ಕಲ್ಲನ್ನು ಕದಿರಮ್ಮನವರಿಗೆ ತಲುಪಿಸುತ್ತೇವೆ ಎಂದು ಬರೆದಿದ್ದೇನೆ.

ಆ ತಾಯಿಗೆ ಹೇಳಿ, ಆಕೆಯ ಹೊಲಕ್ಕೆ ಬಂದದ್ದು ಲಕ್ಷಕ್ಕೊಂದು. ಬೇಗ, ದಯವಿಟ್ಟು. ಆ ಧಾತುಗಳಲ್ಲಿ ಹೆಚ್ಚಿನವು ಅರ್ಧದ ಅರ್ಧವೂ ಉಳಿದಿಲ್ಲ.

ನಿಮ್ಮ
ನರಸಿಂಹಯ್ಯ


ಗಿಡ್ಡೇನಪಾಳ್ಯ
3 ಆಗಸ್ಟ್ 1971

ಶ್ರೀ ನರಸಿಂಹಯ್ಯನವರಿಗೆ,

ನಿನ್ನೆ ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಪಾರ್ಸಲ್ ಮಾಡಿದ್ದೇನೆ. ರಸೀದಿ ಇದರಲ್ಲಿದೆ.

ಹಿಂದಿನ ಕಾಗದಗಳಲ್ಲಿ ನಾನು ಒಂದು ವಿಷಯ ಮರೆಮಾಚಿದೆ. ಕದಿರಮ್ಮ ನನ್ನ ಹೆಂಡತಿ. ಹೊಲ ನಮ್ಮದು. ಸಮಾಧಿ ನಮ್ಮ ಒಬ್ಬನೇ ಮಗ ಆಂಜಿನಪ್ಪನದು. ಇಪ್ಪತ್ತು ವರ್ಷ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ. ಮಗ ಸತ್ತವನು ಬರೆದರೆ ದುಃಖದ ಭ್ರಮೆ ಎಂದುಕೊಳ್ಳುತ್ತೀರಿ, ಉಪಾಧ್ಯಾಯ ಬರೆದರೆ ನಂಬುತ್ತೀರಿ ಎಂದು ಹಾಗೆ ಮಾಡಿದೆ.

ಅವನಿಗೆ ಕಾಮಾಲೆಯಾಯಿತು. ಸೊಪ್ಪಿನ ಔಷಧಿ ಕೊಡಿಸೋಣವೆಂದು ಕದಿರಮ್ಮ ಹೇಳಿದಳು. ರಕ್ತ ಪರೀಕ್ಷೆ ಮಾಡಿಸದೆ ಏನೂ ಕೊಡಬಾರದೆಂದು ನಾನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಒಂಬತ್ತನೆಯ ದಿನ ತೀರಿಕೊಂಡ.

ನಮ್ಮ ಕಡೆ ಊರಾಚೆ ಸತ್ತವರನ್ನು ಊರೊಳಗೆ ತರುವುದಿಲ್ಲ. ಹೆಣವನ್ನು ಊರ ಮುಂದಿನ ಹುಣಸೆಮರದ ಕೆಳಗೆ ಇಳಿಸಿ, ಅಲ್ಲಿಂದಲೇ ಹೊಲಕ್ಕೆ ಸಾಗಿಸಿದರು. ಅವಳು “ಒಂದ್ಗಳಿಗೆ ನಡುಮನೇಲ್ ಮಲುಗಿಸ್ರಪ್ಪಾ” ಎಂದು ಎಲ್ಲರನ್ನೂ ಬೇಡಿದಳು. ನನ್ನನ್ನೂ ನೋಡಿದಳು. ನಾನು ಅದನ್ನೆಲ್ಲ ನಂಬದವನು. ಆದರೂ ಆ ದಿನ ಹಿರಿಯರ ಎದುರು ನನಗೆ ಬಾಯಿ ಬರಲಿಲ್ಲ. ಹನ್ನೊಂದನೆಯ ದಿನ ಕಲ್ಲು ಬಿದ್ದಾಗ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಊರ ನಡುವೆಯೇ ನಡೆದು ಮನೆಯೊಳಗೆ ತಂದಳು. ಯಾರೂ ತಡೆಯಲಿಲ್ಲ. ಕಲ್ಲಿಗೆ ಆ ಕಟ್ಟಳೆ ಇಲ್ಲವಲ್ಲ.

ನಿಮ್ಮ ಮೊಹರಿನ ಪತ್ರವನ್ನು ನಾನು ಮೂರು ಸಲ ಓದಿದೆ. “ಇನ್ನೊಂದ್ ಸಲ ಓದಿ” ಎಂದಳು. ನಾಲ್ಕನೆಯ ಸಲ ಓದಿದ ಮೇಲೆ ಕಲ್ಲನ್ನು ತಾನೇ ಹತ್ತಿಯಲ್ಲಿ ಸುತ್ತಿದಳು. ಬಸ್ಸಿನವರೆಗೆ ಬಂದು ಹೇಳಿದಳು: “ಒಂದ್ಸಲ ಪರೀಕ್ಸೆಗೆ ಅಂತ ಕರ್ಕೊಂಡೋದ್ರಿ. ಇದು ಎಲ್ಡನೇದು. ನಿಮ್ ಮಾತ್ಗೇ ಕೊಡ್ತಾ ಇವ್ನಿ, ಮೊಹರಿಗಲ್ಲ.”

ಇವತ್ತಿನ ಪತ್ರಿಕೆಯಲ್ಲಿ ಅಮೆರಿಕದವರಿಬ್ಬರು ಚಂದ್ರನ ಮೇಲೆ ಕಾರು ಓಡಿಸಿ ಕಲ್ಲು ಆರಿಸಿದ ಸುದ್ದಿ ಇದೆ. ನಾನು ಹುಡುಗರಿಗೆ ಓದಿ ಹೇಳಲಿಲ್ಲ.

ಹನುಮಂತರಾಯಪ್ಪ


ಬೊಂಬಾಯಿ
29 ಆಗಸ್ಟ್ 1971

ಪೂಜ್ಯ ಮೇಷ್ಟರೇ,

ಪೆಟ್ಟಿಗೆ 19ರಂದು ತಲುಪಿತು. ನಿಮ್ಮ ಮಗನ ವಿಷಯ ಓದಿದೆ. ನನಗೆ ಮದುವೆಯಾಗಿಲ್ಲ, ನನ್ನ ಸಮಾಧಾನದ ಮಾತಿಗೆ ತೂಕವಿಲ್ಲ.

ಕಲ್ಲು ಅದ್ಭುತವಾಗಿದೆ. ಎಲ್ಲರೂ ಬಂದು ನೋಡಿಹೋದರು. ವಯಸ್ಸು ಸುಮಾರು ನಾನೂರೈವತ್ತು ಕೋಟಿ ವರ್ಷ. ಭೂಮಿ ಗಟ್ಟಿಯಾಗುವ ಕಾಲದ್ದು. ಪರೀಕ್ಷೆಗೆ ಒಂದು ಚೂರು ಮಾತ್ರ ತೆಗೆಯುತ್ತೇವೆ. ಅರಿಶಿನ ಹೊರಮೈಯಲ್ಲಷ್ಟೇ ಇದೆ, ಚಿಂತೆಯಿಲ್ಲ. ಅಮ್ಮನವರಿಗೆ ಧೈರ್ಯ ಹೇಳಿ.

ನಿಮ್ಮ
ನರಸಿಂಹಯ್ಯ


ಗಿಡ್ಡೇನಪಾಳ್ಯ
12 ಜನವರಿ 1972

ಶ್ರೀ ನರಸಿಂಹಯ್ಯನವರಿಗೆ,

ಅಕ್ಟೋಬರಿನಲ್ಲಿ ಒಂದು, ನವೆಂಬರಿನಲ್ಲಿ ಒಂದು ಕಾಗದ ಬರೆದಿದ್ದೆ, ಉತ್ತರ ಬಂದಿಲ್ಲ. ಡಿಸೆಂಬರಿನ ಯುದ್ಧದ ಕಾರಣ ಅಂಚೆ ತಡವಾಗಿರಬಹುದು.

ಕಲ್ಲಿನ ವಯಸ್ಸನ್ನು ಕದಿರಮ್ಮನಿಗೆ ಹೇಳಿದೆ. ಕೋಟಿ ಎಂದರೆ ಎಷ್ಟೆಂದು ಕೇಳಿದಳು, ಹೇಳಿದೆ. “ಅಷ್ಟ್ ಕಾಲ ಮೇಲಿದ್ದು, ಅವತ್ತೇ ಯಾಕ್ ಬಿತ್ತಂತೆ?” ಎಂದಳು. ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಬರೆಯಿರಿ.

ಗೂಡು ಖಾಲಿ ಇದೆ. ಅದರಲ್ಲಿ ಬೇರೆ ಏನನ್ನೂ ಇಡಲು ಬಿಡುವುದಿಲ್ಲ.

ಹನುಮಂತರಾಯಪ್ಪ


ಗಿಡ್ಡೇನಪಾಳ್ಯ
20 ಏಪ್ರಿಲ್ 1972

ನರಸಿಂಹಯ್ಯನವರಿಗೆ,

ತಿಥಿಗೆ ಎರಡು ತಿಂಗಳೂ ಇಲ್ಲ. ನೀವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಲ್ಲು ಹೊರಟಿದೆ ಎಂದು ಒಂದು ಸಾಲು ಬರೆದರೆ ಸಾಕು.

ಹನುಮಂತರಾಯಪ್ಪ


ಬೊಂಬಾಯಿ
8 ಮೇ 1972

ಮೇಷ್ಟರೇ,

ನಿಮ್ಮ ಎಲ್ಲ ಕಾಗದಗಳೂ ತಲುಪಿವೆ. ಯುದ್ಧದಿಂದ ಏನೂ ತಡವಾಗಲಿಲ್ಲ. ನಾನೇ ಉತ್ತರ ಬರೆಯಲಿಲ್ಲ.

ಈ ದೇಶದಲ್ಲಿ ಬಿದ್ದ ಉಲ್ಕಾಶಿಲೆ ಸರ್ಕಾರದ್ದು. ಪರೀಕ್ಷೆ ಮುಗಿದ ಮೇಲೆ ಅದು ಕಲ್ಕತ್ತೆಯ ಸಂಗ್ರಹಕ್ಕೆ ಹೋಗಬೇಕು. ನಿಮಗೆ ಮಾತು ಕೊಟ್ಟಾಗ ಈ ನಿಯಮ ನನಗೆ ಗೊತ್ತಿತ್ತು. ಹಿರಿಯರನ್ನು ಹೇಗಾದರೂ ಒಪ್ಪಿಸಬಹುದೆಂದುಕೊಂಡಿದ್ದೆ. ಆ ಪತ್ರವನ್ನು ಟೈಪು ಮಾಡಿದವನು ನಾನು, ಮೊಹರು ಒತ್ತಿದವನು ನಾನು. ನಾನಿಲ್ಲಿ ಸಂಶೋಧನಾ ಸಹಾಯಕ ಮಾತ್ರ. ಸಹಿಯ ಕೆಳಗೆ ಅದನ್ನು ಬರೆದಿರಲಿಲ್ಲ. ಕಲ್ಲಿನ ದೊಡ್ಡ ಭಾಗ ಫೆಬ್ರವರಿಯಲ್ಲಿ ಕಲ್ಕತ್ತೆಗೆ ಹೋಯಿತು. ಉಳಿದದ್ದರಲ್ಲಿ ಹೆಚ್ಚಿನದನ್ನು ಕೊಯ್ದು, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿದೆವು.

ಇನ್ನೂ ಒಂದು. ಅದು ಲಕ್ಷಕ್ಕೊಂದಲ್ಲ. ಬೀಳುವ ಕಲ್ಲುಗಳಲ್ಲಿ ಹೆಚ್ಚಿನವು ಅದೇ ಬಗೆಯವು. ನಾವು ಅವಸರಪಟ್ಟ ಧಾತುಗಳು ಪೆಟ್ಟಿಗೆ ಬರುವಷ್ಟರಲ್ಲಿ ಬಹುಪಾಲು ತೀರಿಹೋಗಿದ್ದವು.

ಅಮ್ಮನವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅವತ್ತು ಭೂಮಿ ಅದರ ದಾರಿಗೆ ಅಡ್ಡ ಬಂತು ಎನ್ನಬಹುದು. ಅದು ಉತ್ತರವಲ್ಲವೆಂದು ನನಗೆ ಗೊತ್ತು.

ನರಸಿಂಹಯ್ಯ


ಗಿಡ್ಡೇನಪಾಳ್ಯ
22 ಜೂನ್ 1972

ಶ್ರೀ ನರಸಿಂಹಯ್ಯನವರಿಗೆ,

ನಿಮ್ಮ ಕಾಗದವನ್ನು ನಾನು ಕದಿರಮ್ಮನಿಗೆ ಓದಿ ಹೇಳಲಿಲ್ಲ.

ತಿಥಿಗೆ ನಾಲ್ಕು ದಿನವಿರುವಾಗ ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಒಂದು ಕಮ್ಮಾರಸಾಲೆಯ ಹಿಂದೆ ಕಬ್ಬಿಣದ ಕಿಟ್ಟ ರಾಶಿ ಬಿದ್ದಿತ್ತು. ಹುಡುಕಿದರೆ ಅಂಥದೇ ಕಪ್ಪು ಮೈಯ, ಅಷ್ಟೇ ಗಾತ್ರದ ಒಂದು ಗಟ್ಟಿ ಸಿಕ್ಕಿತು. ಕಮ್ಮಾರ, “ಅದ್ರಲ್ಲಿ ಏನೈತೆ ಅಂತ ತಕೊಂಡೋಯ್ತೀರಿ ಸ್ವಾಮಿ, ಬೆಂದೋದ ಕಸ” ಎಂದ. ಪಾಠಕ್ಕೆ ಎಂದೆ. ಒಂದು ಮೂಲೆಯನ್ನು ಸುತ್ತಿಗೆಯಿಂದ ಮುಕ್ಕು ಮಾಡಿದೆ. ಹತ್ತಿ, ಪೆಟ್ಟಿಗೆ, ಬೊಂಬಾಯಿಯ ವಿಳಾಸದ ಚೀಟಿ, ಎಲ್ಲವನ್ನೂ ಮಾಡಿಕೊಂಡು ಮನೆಗೆ ಬಂದೆ.

ಅವಳು ಎರಡು ಕೈಯಲ್ಲೂ ತೆಗೆದುಕೊಂಡಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ತೊಳೆದು, ಅರಿಶಿನ ಹಚ್ಚಿ, ಗೂಡಿನಲ್ಲಿಟ್ಟಳು. ತಿಥಿಯ ದಿನ ಹೊಲದಲ್ಲಿ ಒಂದು ಎಡೆ, ಮನೆಯೊಳಗೆ ಅದರ ಮುಂದೆ ಒಂದು ಎಡೆ ಇಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ಅವಳ ಮನಸ್ಸಿಗೆ ನೆಮ್ಮದಿಯಾಗಿದೆ. ಒಂದು ವರ್ಷದಿಂದ ಜಗಲಿಯಲ್ಲಿ ಮಲಗುತ್ತಿದ್ದವಳು ಈಗ ನಡುಮನೆಯಲ್ಲಿ ಮಲಗುತ್ತಾಳೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಾಗುವ ಯೋಗ್ಯತೆ ಈಗ ನನಗೂ ಉಳಿದಿಲ್ಲ. ಇನ್ನು ಏನನ್ನೂ ಕಳಿಸಬೇಡಿ.

ಹನುಮಂತರಾಯಪ್ಪ


ಅಹಮದಾಬಾದು
22 ಡಿಸೆಂಬರ್ 1972

ಪೂಜ್ಯ ಮೇಷ್ಟರೇ,

ಜೂನ್ ಮೊದಲ ವಾರ ನಾನು ಇಲ್ಲಿಗೆ ಬಂದೆ. ಆಮೇಲೆ ನೀವು ಬೊಂಬಾಯಿಗೆ ಏನಾದರೂ ಬರೆದಿದ್ದರೆ ಅದು ನನಗೆ ಸಿಕ್ಕಿಲ್ಲ. ಬರೆದಿರಲಾರಿರಿ, ಬರೆಯಬೇಕಾಗಿಯೂ ಇಲ್ಲ.

ಏಳು ತಿಂಗಳು ಓಡಾಡಿ, ಬರೆದು, ಕಾಡಿಬೇಡಿ, ಕೊಯ್ದುಳಿದ ಒಂದು ಬಿಲ್ಲೆಯನ್ನು ಇಟ್ಟುಕೊಳ್ಳಲು ಅನುಮತಿ ಪಡೆದಿದ್ದೇನೆ. ಇಪ್ಪತ್ತೆಂಟು ಗ್ರಾಂ. ಅದನ್ನು ಇವತ್ತು ರಿಜಿಸ್ಟರ್ ಪಾರ್ಸಲ್ಲಿನಲ್ಲಿ ಅಮ್ಮನವರ ಹೆಸರಿಗೇ ಕಳಿಸುತ್ತಿದ್ದೇನೆ. ಜೊತೆಗೆ ಅವರಿಗೊಂದು ಕಾಗದ ಬರೆದಿದ್ದೇನೆ: ಕಲ್ಲು ಕೊಯ್ದದ್ದು ನಾನು, ಸುಳ್ಳು ಮಾತು ಕೊಟ್ಟದ್ದು ನಾನು, ನಿಮ್ಮ ಯಜಮಾನರ ತಪ್ಪೇನೂ ಇಲ್ಲ ಎಂದು. ನನ್ನ ತಪ್ಪಿಗೆ ನೀವು ಮನೆಯಲ್ಲಿ ಮಾತು ಕೇಳಬಾರದು.

ಚಂದ್ರನ ಮೇಲಿದ್ದ ಇಬ್ಬರು ಹೋದ ವಾರ ಹೊರಟುಬಂದರು. ಸದ್ಯಕ್ಕೆ ಇನ್ನು ಯಾರೂ ಹೋಗುವುದಿಲ್ಲವಂತೆ. ಇಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದಾರೆ. ನಾನು ಪಾರ್ಸಲ್ಲಿಗೆ ಅರಗು ಹಾಕುತ್ತ ಕುಳಿತಿದ್ದೆ.

ನಿಮ್ಮ
ನರಸಿಂಹಯ್ಯ


ಗಿಡ್ಡೇನಪಾಳ್ಯ
18 ಜನವರಿ 1973

ಪ್ರಿಯ ನರಸಿಂಹಯ್ಯ,

ನಿಮ್ಮ ಕಾಗದ ಮತ್ತು ಪಾರ್ಸಲ್ ಎರಡೂ ಒಂದೇ ದಿನ, ಒಂಬತ್ತನೇ ತಾರೀಕು ಮಂಗಳವಾರ, ನಾನು ಶಾಲೆಯಲ್ಲಿದ್ದಾಗ ಬಂದವು. ಅಂಚೆಯ ಲಕ್ಷ್ಮಯ್ಯ ಕದಿರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು, ಅವಳು ಕೇಳಿದಳೆಂದು ಅವಳ ಹೆಸರಿನ ಕಾಗದವನ್ನು ಪೂರ್ತಿ ಓದಿ ಹೇಳಿದ್ದಾನೆ.

ನಾನು ಬಂದಾಗ ಅವಳು ಹೊಸ್ತಿಲ ಬಳಿ ಕುಳಿತಿದ್ದಳು. ಬಿಲ್ಲೆ ಅಂಗೈಯಲ್ಲಿತ್ತು. ಕೊಯ್ದ ಮುಖ ನುಣುಪಾಗಿತ್ತು, ಅದರಲ್ಲಿ ಸಾಸಿವೆಯಂಥ ದುಂಡು ಕಾಳುಗಳು ಕಾಣುತ್ತಿದ್ದವು. “ಒಳ್ಗೆ ಇಂಗ್ ಇತ್ತು ನೋಡಿ” ಎಂದು ನನಗೆ ತೋರಿಸಿದಳು.

ನಾನು ಗೂಡಿನ ಕಡೆ ನೋಡಿ, “ಹಾಗಾದರೆ ಅದು…” ಎಂದೆ.

“ಅದು ಬ್ಯಾರೆ ಅಂತ ಕೈಗೆ ತಕೊಂಡಾಗ್ಲೇ ಗೊತ್ತಾಯ್ತು. ಎಲ್ಡ್ ತಿಂಗ್ಳು ಮೊದ್ಲಿನ್ ಕಲ್ಲ ದಿನಾ ಎತ್ತಿ ತೊಳ್ದಿವ್ನಿ, ತೂಕ ತಿಳೀದಾ ನಂಗೆ? ಅದು ಅಗುರ ಐತೆ.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಅದ ತಂದು ಬಾಗ್ಲಲ್ಲಿ ನಿಂತಿದ್ರಲ್ಲ, ನಿಮ್ ಮಕ ನೋಡ್ದೆ. ಇದ್ನೂ ಬ್ಯಾಡ ಅಂದ್ರೆ ಇವ್ರು ಎಲ್ಲೋಯ್ತಾರೆ ಅನ್ನುಸ್ತು.”

ಅವಳು ಬಿಲ್ಲೆಯನ್ನು ಒಳಗೆ ತೆಗೆದುಕೊಂಡು ಹೋಗಿ ಕಿಟ್ಟದ ಪಕ್ಕದಲ್ಲೇ ಇಟ್ಟಳು. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡು ನಾನು ಕಾಲು ತೊಳೆಯಲು ಹೊರಟೆ. ಅವಳು ಬೆನ್ನು ತಿರುಗಿಸಿ ನಿಂತೇ ಕೇಳಿದಳು.

“ಆಂಜಿ ಕೊನೇಲಿ ಅವ್ವಾ ಅಂತ ಕೂಗ್ದ ಅಂದ್ರಲ್ಲ. ಅದೂ ನೀವು ದಾರೀಲ್ ಎತ್ಕೊಂಡ್ ಬಂದಿದ್ದಾ?”

ಆ ಮಾತನ್ನು ನಾನು ಹುಣಸೆಮರದ ಕೆಳಗೆ ಅವಳಿಗೆ ಹೇಳಿದ್ದೆ. ಅಲ್ಲಿ ಕೊಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಅವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ಅಂಗಡಿ ತೆರೆದಿರಲಿಲ್ಲ, ಕಾದೆ. ತಿರುಗಿ ಬಂದಾಗ ಎಲ್ಲ ಮುಗಿದಿತ್ತು. ಅವನು ಯಾರನ್ನಾದರೂ ಕೂಗಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ನಿಮಗೂ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ.

ಅವಳು ಅಳಲಿಲ್ಲ. ಗೋಡೆಗೆ ಒರಗಿ ಕುಳಿತು ಒಂದೊಂದಾಗಿ ಕೇಳತೊಡಗಿದಳು. ಮಂಚ ಯಾವ ಕಡೆಗಿತ್ತು. ಕಿಟಕಿ ಇತ್ತಾ. ಹೊದಿಕೆ ಯಾವ ಬಣ್ಣದ್ದು. ಹಿಂದಿನ ರಾತ್ರಿ ಏನು ತಿಂದ. ಪಕ್ಕದ ಮಂಚದಲ್ಲಿ ಯಾರಿದ್ದರು. ನನಗೆ ಗೊತ್ತಿದ್ದದ್ದಕ್ಕೆ ಗೊತ್ತಿದ್ದಂತೆ ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದೆ. ಒಂದೂವರೆ ವರ್ಷದಲ್ಲಿ ನಾವಿಬ್ಬರೂ ಅವನ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ದೀಪ ಹಚ್ಚುವ ಹೊತ್ತು ಮೀರಿತ್ತು.

“ಕಣ್ ಮುಚ್ಚಿದ್ದು ಯಾರು?” ಎಂದಳು.

ನರ್ಸಮ್ಮ ಎಂದೆ. ನಾನು ಬರುವಷ್ಟರಲ್ಲಿ ಮುಚ್ಚಿದ್ದರು, ತಲೆ ಕೂಡ ಬಾಚಿದ್ದರು.

“ಏನವ್ರ ಹೆಸ್ರು?”

ಕೇಳಲಿಲ್ಲ ಎಂದೆ.

“ಕೇಳ್ಬೇಕಿತ್ತು” ಎಂದಳು.

ಹನುಮಂತರಾಯಪ್ಪ